ಕರುಳಿನ ದಾರ ಕರಗಿತು, ರೇಷ್ಮೆ ಎಳೆ ನಿಂತಿತು

ದೊಡ್ಡಆಲಹಳ್ಳಿ ಕಡೆಯ ರೈತರಿಗೆ ರೇಷ್ಮೆ ಹೊಸದಲ್ಲ. ಹಿಪ್ಪುನೇರಳೆ ಸೊಪ್ಪು, ಹುಳದ ಮನೆ, ರಾಮನಗರದ ಗೂಡಿನ ಮಾರುಕಟ್ಟೆ, ಅಲ್ಲಿಯ ಹರಾಜು ಎಲ್ಲ ಗೊತ್ತಿದ್ದದ್ದೇ. ಗೂಡು ನೂಲಾಗಿ, ನೂಲು ಸೀರೆಯಾಗುತ್ತೆ ಅನ್ನೋದೂ ಗೊತ್ತು. ಆದರೆ ಇದೇ ರೇಷ್ಮೆ ಎಳೆ ಮನುಷ್ಯನ ಹೊಟ್ಟೆಯೊಳಗೆ ಹೊಲಿಗೆಯಾಗಿ, ವೈದ್ಯರು ಕೈಚೆಲ್ಲಿ ಕೂತಿದ್ದ ರೋಗಕ್ಕೆ ದಾರಿ ಮಾಡಿದ್ದು ಎಷ್ಟು ಮಂದಿಗೆ ಗೊತ್ತು? ಆ ಹೊಲಿಗೆ ಹಾಕಿದವರು ಅಮೆರಿಕದ ಸರ್ಜನ್ ಡಾ. ಅಲನ್ ವಿಪಲ್.

ವಿಪಲ್ ಹುಟ್ಟಿದ್ದು 1881ರಲ್ಲಿ, ಪರ್ಷಿಯಾ ಅಂದರೆ ಈಗಿನ ಇರಾನಿನ ಉರ್ಮಿಯಾ ಊರಿನಲ್ಲಿ. ತಂದೆ ತಾಯಿ ಅಮೆರಿಕದಿಂದ ಅಲ್ಲಿಗೆ ಹೋಗಿದ್ದ ಮಿಷನರಿಗಳು. ಹುಡುಗ ಮುಂದೆ ಪ್ರಿನ್ಸ್‌ಟನ್‌ನಲ್ಲಿ ಓದಿ, 1908ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರಾದರು. 1921ರಿಂದ 1946ರವರೆಗೆ ಅಲ್ಲೇ ಸರ್ಜರಿ ಪ್ರೊಫೆಸರು.

ಕೈ ಹಾಕಲು ಹೆದರುವ ಜಾಗ

ಜಠರದ ಹಿಂದೆ ಅಡಗಿ ಕೂತಿರುವ ಗ್ರಂಥಿಗೆ ಮೇದೋಜೀರಕ ಎಂದು ಹೆಸರು. ಅದರ ತಲೆಭಾಗ ಸಣ್ಣಕರುಳಿನ ಮೊದಲ ಬಾಗಿಗೆ ಅಂಟಿಕೊಂಡಿರುತ್ತದೆ. ಲಿವರಿನಿಂದ ಇಳಿಯುವ ಪಿತ್ತನಾಳ ಆ ತಲೆಭಾಗದ ಮೂಲಕವೇ ಹಾದು ಕರುಳು ಸೇರಬೇಕು. ಅಲ್ಲೊಂದು ಗಂಟು ಬೆಳೆದರೆ ಕಾಲುವೆಗೆ ಬಂಡೆ ಬಿದ್ದ ಹಾಗೆ. ಪಿತ್ತ ಮುಂದಕ್ಕೆ ಹೋಗದೆ ರಕ್ತಕ್ಕೆ ಸೇರಿ ಕಣ್ಣು, ಮೈ ಹಳದಿಯಾಗುತ್ತದೆ. ಗಂಟು ತೆಗೆಯಬೇಕಾದರೆ ಗ್ರಂಥಿಯ ತಲೆ, ಕರುಳಿನ ತುಂಡು, ಪಿತ್ತನಾಳದ ತುದಿ ಎಲ್ಲ ಕತ್ತರಿಸಿ ಮತ್ತೆ ಜೋಡಿಸಬೇಕು. ಇಟಲಿಯ ಕೊಡಿವಿಲ್ಲ, ಜರ್ಮನಿಯ ಕೌಶ್ ಮೊದಲೇ ಕೈ ಹಾಕಿದ್ದರು. ಆದರೆ ಅದು ರೂಢಿಗೆ ಬಂದಿರಲಿಲ್ಲ.

1930ರ ದಶಕದಲ್ಲಿ ವಿಪಲ್ ಹಾಗೂ ಸಂಗಡಿಗರು ಈ ಕೆಲಸಕ್ಕೆ ಇಳಿದರು. ಮೊದಲ ರೋಗಿ ಆಪರೇಷನ್ ಆಗಿ ಸುಮಾರು 30 ಗಂಟೆಯೊಳಗೆ ತೀರಿಕೊಂಡರು. ಕಾರಣ ಹುಡುಕಿದಾಗ ಸಿಕ್ಕಿದ್ದು ಹೊಲಿಗೆ ದಾರ. ಆಗ ಬಳಸುತ್ತಿದ್ದದ್ದು ಪ್ರಾಣಿಗಳ ಕರುಳಿನಿಂದ ಮಾಡಿದ ಕ್ಯಾಟ್‌ಗಟ್ ದಾರ. ಮೇದೋಜೀರಕದ ರಸಕ್ಕೆ ಮಾಂಸವನ್ನೇ ಅರಗಿಸುವ ಶಕ್ತಿ. ಅದು ದಾರವನ್ನೂ ಅರಗಿಸಿಬಿಟ್ಟಿತ್ತು! ಹೊಲಿಗೆ ಬಿಚ್ಚಿ ಒಳಗೆಲ್ಲ ಸೋರಿತ್ತು.

ವಿಪಲ್ ಕೆಲಸ ಬಿಡಲಿಲ್ಲ, ದಾರ ಬದಲಿಸಿದರು. ಬೇಗ ಕರಗದ ರೇಷ್ಮೆ ಎಳೆ ಹಿಡಿದರು. ಮುಂದಿನ ಇಬ್ಬರು ಆಪರೇಷನ್ ದಾಟಿ ಬದುಕಿದರು, ಅವರಲ್ಲಿ ಒಬ್ಬರು ಸುಮಾರು ಎರಡು ವರ್ಷ. ಸತ್ತವರೂ ಸೇರಿ ಮೂವರ ಕಥೆಯನ್ನೂ 1935ರಲ್ಲಿ ಪ್ರಕಟಿಸಿದರು. ಸೋತದ್ದನ್ನು ಮುಚ್ಚಿಡದ್ದರಿಂದಲೇ ಬೇರೆ ಸರ್ಜನ್‌ಗಳು ಕಲಿತರು.

ಎರಡು ಸಲದ ಬದಲು ಒಂದೇ ಸಲ

ಆಗ ಈ ಆಪರೇಷನ್ನು ಎರಡು ಕಂತಿನಲ್ಲಿ ನಡೆಯುತ್ತಿತ್ತು. ಮೊದಲು ಪಿತ್ತಕ್ಕೆ ಬೇರೆ ದಾರಿ, ಕೆಲವು ವಾರ ಬಿಟ್ಟು ಗಂಟಿಗೆ ಕತ್ತರಿ. ಯಾಕೆ ಕಾಯಬೇಕು? ಪಿತ್ತ ಕರುಳಿಗೆ ಇಳಿಯದಿದ್ದರೆ ಕೆ ಜೀವಸತ್ವ ಮೈಗೆ ಹತ್ತುವುದಿಲ್ಲ, ಅದಿಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕಂಡುಹಿಡಿದ ಈ ಜೀವಸತ್ವ ಔಷಧಿಯಾಗಿ ಸಿಕ್ಕಿದ ಮೇಲೆ ರಕ್ತಸ್ರಾವದ ಭಯ ತಗ್ಗಿತು. 1940ರಲ್ಲಿ ಜಠರದ ಕ್ಯಾನ್ಸರೆಂದು ಹೊಟ್ಟೆ ತೆರೆದ ಒಬ್ಬ ಮಹಿಳೆಗೆ ಗಂಟು ಇದ್ದದ್ದು ಮೇದೋಜೀರಕದ ತಲೆಯಲ್ಲಿ. ಕಾಮಾಲೆಯೂ ಇರಲಿಲ್ಲ. ವಿಪಲ್ ಅಲ್ಲೇ ಒಂದೇ ಸಲಕ್ಕೆ ಕೆಲಸ ಮುಗಿಸಿದರು. ಆಕೆ ಒಂಬತ್ತು ವರ್ಷ ಬದುಕಿದರು.

ಜೀವಮಾನದಲ್ಲಿ ವಿಪಲ್ ಮಾಡಿದ್ದು ಇಂಥ 37 ಆಪರೇಷನ್ ಮಾತ್ರ. ಆದರೂ ಜಗತ್ತೆಲ್ಲ ಇದನ್ನು ವಿಪಲ್ ಆಪರೇಷನ್ ಎಂದೇ ಕರೆಯುತ್ತದೆ. ಅವರು 1963ರಲ್ಲಿ ತೀರಿಕೊಂಡರು. ಆಮೇಲೂ ಎಷ್ಟೋ ವರ್ಷ ಈ ಆಪರೇಷನ್ನಿಗೆ ಒಳಗಾದ ನಾಲ್ಕೈದು ಜನರಲ್ಲಿ ಒಬ್ಬರು ಉಳಿಯುತ್ತಿರಲಿಲ್ಲ. ಇವತ್ತು ಇದನ್ನೇ ಹೆಚ್ಚಾಗಿ ಮಾಡುವ ದೊಡ್ಡ ಆಸ್ಪತ್ರೆಗಳಲ್ಲಿ ಆಪರೇಷನ್ನಿನಿಂದ ಸಾಯುವವರು ನೂರಕ್ಕೆ ಐದಕ್ಕಿಂತ ಕಮ್ಮಿ. ದಾರವೂ ಈಗ ಹೆಚ್ಚಾಗಿ ಕಾರ್ಖಾನೆಯದು.

ಅಂಗಡಿ ಕಟ್ಟೆಯ ಮೇಲೆ, ಬಸ್ಸಿನ ಸೀಟಿನಲ್ಲಿ ಕಾಮಾಲೆ ಮಾತು ಬಂದರೆ ನಾಟಿ ಔಷಧಿ ಕೊಡುವವರ ವಿಳಾಸ ಹೇಳುವವರೇ ಜಾಸ್ತಿ. ವೈರಸ್ಸಿನ ಕಾಮಾಲೆ ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ನಾಳ ಕಟ್ಟಿದ ಕಾಮಾಲೆ ಹಾಗಲ್ಲ. ವಯಸ್ಸಾದವರಿಗೆ ನೋವಿಲ್ಲದೆ ಕಣ್ಣು ಹಳದಿಯಾಗಿ, ಮೈ ತುರಿಸಿ, ಮಲ ಸುಣ್ಣದಂತೆ ಬಿಳಿಚಿ, ತೂಕ ಇಳಿಯುತ್ತಿದ್ದರೆ ಪಥ್ಯ ಮಾಡುತ್ತ ತಿಂಗಳು ಕಳೆಯಬಾರದು. ಕೂಡಲೇ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಗಬೇಕು. ಗಂಟು ಹರಡಿದ ಮೇಲೆ ಎಂಥ ಸರ್ಜನ್ನೂ ಅದನ್ನು ಕತ್ತರಿಸಿ ತೆಗೆಯಲಾರ.