ಜಾನ್ ಸ್ಕಾಟ್ ಹಾಲ್ಡೇನ್

ಜಾನ್ ಸ್ಕಾಟ್ ಹಾಲ್ಡೇನ್ (1860–1936) ಸ್ಕಾಟ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ. ಉಸಿರಾಟದ ನಿಯಂತ್ರಣ ಹಾಗೂ ವಿಷಾನಿಲಗಳ ಪರಿಣಾಮವನ್ನು ಕುರಿತ ಸಂಶೋಧನೆಗಳಿಂದ ಇವರು ಪ್ರಸಿದ್ಧರು. ಕಲ್ಲಿದ್ದಲು ಗಣಿಗಳಲ್ಲಿ ಅಪಾಯದ ಮುನ್ಸೂಚನೆಗಾಗಿ ಸಣ್ಣ ಪ್ರಾಣಿಪಕ್ಷಿಗಳನ್ನು ಬಳಸುವ ಪದ್ಧತಿಯನ್ನು ಸೂಚಿಸಿದವರು ಇವರೇ.

ಜನನ ಮತ್ತು ಶಿಕ್ಷಣ

ಹಾಲ್ಡೇನ್ ಅವರು 1860ರ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಜನಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಿಂದ 1884ರಲ್ಲಿ ವೈದ್ಯಕೀಯ ಪದವಿ ಪಡೆದು, ಡಂಡೀಯಲ್ಲಿ ಕೆಲಕಾಲ ಕೆಲಸ ಮಾಡಿ, ಅನಂತರ ಆಕ್ಸ್‌ಫರ್ಡಿನಲ್ಲಿ ನೆಲೆಸಿದರು. ಬ್ರಿಟನ್ನಿನ ಲಾರ್ಡ್ ಚಾನ್ಸಲರ್ ಆಗಿದ್ದ ರಿಚರ್ಡ್ ಬರ್ಡನ್ ಹಾಲ್ಡೇನ್ ಇವರ ಅಣ್ಣ.

ಗಣಿ ಸ್ಫೋಟಗಳ ಅಧ್ಯಯನ

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಮಂದಿ ಮೃತಪಟ್ಟರು. ಇಂತಹ ದುರಂತಗಳಲ್ಲಿ ಸ್ಫೋಟದ ಹೊಡೆತದಿಂದಲೋ ಬೆಂಕಿಯಿಂದಲೋ ಕಾರ್ಮಿಕರು ಸಾಯುತ್ತಾರೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಹಾಲ್ಡೇನ್ ಅಲ್ಲಿಗೆ ತೆರಳಿ ಶವಗಳನ್ನು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಂದಿತು. ಶವಗಳ ಚರ್ಮ ನಸುಗೆಂಪಾಗಿತ್ತು, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿತ್ತು. ಸ್ಫೋಟದ ಬಳಿಕ ಸುರಂಗಗಳಲ್ಲಿ ಹರಡಿದ ಈ ಅನಿಲವೇ ಬಹುಪಾಲು ಸಾವುಗಳಿಗೆ ಕಾರಣ ಎಂದು ಅವರು ಅದೇ ವರ್ಷ ಸರ್ಕಾರಕ್ಕೆ ವರದಿ ಸಲ್ಲಿಸಿದರು. ಸ್ಫೋಟದಲ್ಲಿ ಬದುಕುಳಿದವರನ್ನೂ, ಅವರನ್ನು ಕಾಪಾಡಲು ಇಳಿದವರನ್ನೂ ಅದು ಸಮನಾಗಿ ಕೊಲ್ಲಬಲ್ಲದಾಗಿತ್ತು.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಣಿಗಾರರ ಸುರಕ್ಷಾ ದೀಪದ ಜ್ವಾಲೆ ಮೀಥೇನನ್ನೂ ಆಮ್ಲಜನಕದ ಕೊರತೆಯನ್ನೂ ತೋರಿಸುತ್ತಿತ್ತೇ ಹೊರತು ಈ ಅನಿಲವನ್ನಲ್ಲ. ಮನುಷ್ಯ ಕುಸಿದು ಬೀಳುವ ಗಾಳಿಯಲ್ಲಿಯೂ ದೀಪ ಉರಿಯುತ್ತಲೇ ಇರುತ್ತಿತ್ತು. ಅದರ ಪರಿಣಾಮವನ್ನು ತಿಳಿಯಲು ಹಾಲ್ಡೇನ್ ತಾವೇ ಆ ಅನಿಲವನ್ನು ಸೇವಿಸಿ, ರಕ್ತದ ಅರ್ಧಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ಅದರೊಡನೆ ಬಂಧಿತವಾಗುವವರೆಗೂ ಪ್ರಯೋಗವನ್ನು ಮುಂದುವರಿಸಿದ್ದರು.

ಕೆನರಿ ಹಕ್ಕಿ ಮತ್ತು ರಕ್ಷಣಾ ಉಪಕರಣಗಳು

ದೇಹದ ಗಾತ್ರಕ್ಕೆ ಹೋಲಿಸಿದರೆ ಸಣ್ಣ ಪ್ರಾಣಿಗಳ ಉಸಿರಾಟ ಬಹಳ ವೇಗವಾದದ್ದು. ಆದ್ದರಿಂದ ವಿಷಾನಿಲ ಅವುಗಳ ರಕ್ತವನ್ನು ಮನುಷ್ಯನಿಗಿಂತ ಹಲವು ಪಟ್ಟು ಬೇಗ ಆವರಿಸುತ್ತದೆ. ಇದನ್ನು ಆಧರಿಸಿ ಇಲಿ ಅಥವಾ ಸಣ್ಣ ಹಕ್ಕಿಯನ್ನು ಗಣಿಯೊಳಗೆ ಒಯ್ಯಬೇಕೆಂದು ಹಾಲ್ಡೇನ್ ಸಲಹೆ ನೀಡಿದರು. ಇವುಗಳಲ್ಲಿ ಕೆನರಿ ಹಕ್ಕಿಯೇ ಹೆಚ್ಚು ಬಳಕೆಗೆ ಬಂದಿತು. ಇಲಿ ಮುದುಡಿ ಕುಳಿತರೆ ಕತ್ತಲಲ್ಲಿ ಗೊತ್ತಾಗುವುದು ಕಷ್ಟ. ಹಕ್ಕಿ ಕೊಂಬಿಯಿಂದ ಓಲಾಡಿ ಬೀಳುವುದು ಮಂದ ಬೆಳಕಿನಲ್ಲೂ ಕಾಣುತ್ತದೆ. ಸೂಕ್ಷ್ಮ ಯಂತ್ರಗಳು ಧೂಳು ಮತ್ತು ತೇವದಲ್ಲಿ ಕೆಡಬಹುದಾಗಿದ್ದ ಕಾಲದಲ್ಲಿ ಇದು ಅಗ್ಗದ, ನಂಬಿಕೆಗೆ ಅರ್ಹವಾದ ಸೂಚಕವಾಗಿತ್ತು. ಬಿದ್ದ ಹಕ್ಕಿಯನ್ನು ಚೇತರಿಸಲು ಚಿಕ್ಕ ಆಮ್ಲಜನಕ ಸಿಲಿಂಡರ್ ಅಳವಡಿಸಿದ ಪಂಜರಗಳೂ ತಯಾರಾದವು. ಬ್ರಿಟನ್ನಿನ ಗಣಿಗಳಲ್ಲಿ 1986ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳು ಸ್ಥಾನ ಪಡೆಯುವವರೆಗೂ ಕೆನರಿಗಳು ಬಳಕೆಯಲ್ಲಿದ್ದವು.

ಹಕ್ಕಿ ಎಚ್ಚರಿಸಬಲ್ಲದು, ವಿಷಗಾಳಿಯಲ್ಲಿ ಮುಂದೆ ಸಾಗಲು ರಕ್ಷಣಾ ತಂಡಕ್ಕೆ ಬೇರೆ ಸಾಧನ ಬೇಕು. 1912ರಿಂದ ಡಾಂಕಾಸ್ಟರ್‌ನ ಗಣಿ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾಗಿ ಹಾಲ್ಡೇನ್, ತಂಡದವರು ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಸ್ವಯಂಪೂರ್ಣ ಉಸಿರಾಟದ ಉಪಕರಣಗಳನ್ನು ಪರೀಕ್ಷಿಸಿ ವರದಿ ನೀಡಿದರು. ಪ್ರಯೋಗಾಲಯದಲ್ಲಿ ಕುಳಿತವನ ಉಸಿರಾಟಕ್ಕೂ, ಭಾರ ಹೊತ್ತು ತೆವಳುವವನ ಉಸಿರಾಟಕ್ಕೂ ಇರುವ ವ್ಯತ್ಯಾಸವೇ ಇಂತಹ ಉಪಕರಣಗಳ ನಿಜವಾದ ಪರೀಕ್ಷೆ.

ಇತರ ಸಂಶೋಧನೆಗಳು

ಉಸಿರಾಟದ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಇಂಗಾಲದ ಡೈಆಕ್ಸೈಡ್ ಎಂಬುದನ್ನು 1905ರಲ್ಲಿ ಪ್ರೀಸ್ಟ್ಲಿಯೊಡನೆ ತೋರಿಸಿದರು. ಮುಳುಗುಗಾರರು ಹಂತಹಂತವಾಗಿ ಮೇಲೇರಬೇಕಾದ ಕ್ರಮವನ್ನು ಸೂಚಿಸುವ ಕೋಷ್ಟಕಗಳು 1908ರಲ್ಲಿ ಪ್ರಕಟವಾದವು. 1915ರಲ್ಲಿ ಜರ್ಮನ್ ಸೇನೆ ಯುದ್ಧಭೂಮಿಯಲ್ಲಿ ಕ್ಲೋರಿನ್ ಪ್ರಯೋಗಿಸಿದಾಗ, ಸರ್ಕಾರ ಇವರನ್ನು ಫ್ರಾನ್ಸಿಗೆ ಕಳುಹಿಸಿತು. 1934ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಲಭಿಸಿತು.

ಕುಟುಂಬ ಮತ್ತು ನಿಧನ

1891ರಲ್ಲಿ ಲೂಯಿಸಾ ಕ್ಯಾಥ್ಲೀನ್ ಟ್ರಾಟರ್ ಅವರನ್ನು ವಿವಾಹವಾದರು. ಮಗಳು ನವೋಮಿ ಮಿಚಿಸನ್ ಲೇಖಕಿ. ಬಾಲ್ಯದಲ್ಲಿಯೇ ತಂದೆಯೊಡನೆ ಗಣಿಗಳಿಗೆ ಇಳಿಯುತ್ತಿದ್ದ ಮಗ ಜೆ.ಬಿ.ಎಸ್. ಹಾಲ್ಡೇನ್ ಖ್ಯಾತ ತಳಿವಿಜ್ಞಾನಿಯಾಗಿ, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ಪರ್ಷಿಯಾದ ತೈಲಕ್ಷೇತ್ರಗಳ ಕಾರ್ಮಿಕರನ್ನು ಬಾಧಿಸುತ್ತಿದ್ದ ಉಷ್ಣಾಘಾತವನ್ನು ಅಧ್ಯಯನ ಮಾಡಿ ಮರಳಿದ ಬಳಿಕ, 1936ರ ಮಾರ್ಚ್‌ನಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಆಕ್ಸ್‌ಫರ್ಡಿನಲ್ಲಿ ನ್ಯುಮೋನಿಯಾದಿಂದ ನಿಧನರಾದರು.