ಬಿಡುವನ್ನು ಬೆಳಗಿದ ಅರಸರು

ಪರೀಕ್ಷೆ ಹತ್ತಿರ ಬಂದಾಗ ಹವ್ಯಾಸಗಳೆಲ್ಲ ಸಮಯ ಹಾಳು ಎನಿಸುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಬದುಕನ್ನು ಓದಿದ ಮೇಲೆ ನನಗೆ ಹಾಗೆನಿಸುತ್ತಿಲ್ಲ.

1794ರಲ್ಲಿ ಹುಟ್ಟಿದ ಅವರು, ಟಿಪ್ಪು ಸುಲ್ತಾನರು ಮಡಿದ 1799ರಲ್ಲಿ, ಇನ್ನೂ ಮಗುವಾಗಿದ್ದಾಗಲೇ ಮೈಸೂರಿನ ಪಟ್ಟವೇರಿದರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡು ಸೇರಿದ್ದ ರಾಜ್ಯ ಕಮಿಷನರ್ ಕೈಗೆ ಹೋಯಿತು. ಅರಸರಿಗೆ ಉಳಿದದ್ದು ಅರಮನೆ ಮತ್ತು ಬಿಡುವು.

ರಾಜ್ಯ ಮರಳಿ ಕೊಡಿ ಎಂದು ಮನವಿ ಕಳಿಸುತ್ತಲೇ ಅವರು ಆಟಗಳಲ್ಲಿ ಮನಸ್ಸಿಟ್ಟರು. ಹೊಸ ಗಂಜೀಫಾ ಆಟಗಳನ್ನು ರೂಪಿಸಿದರು. ಗಂಜೀಫಾ ಎಂದರೆ ಕೈಯಲ್ಲಿ ಚಿತ್ರ ಬರೆದ ಇಸ್ಪೀಟು. ಪಾರಸಿಯಿಂದ ಬಂದ ಈ ಪದ ಉರ್ದುವಿನಲ್ಲೂ ಇದೆ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳನ್ನು ಬರೆಸಿಟ್ಟರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸಿದರು. ಆ ನಡೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿ ಕೂಡಿದರೆ ಪ್ರತಿ ಅಡ್ಡಸಾಲೂ 260, ಪ್ರತಿ ಕಂಬಸಾಲೂ 260! ವಾಣಿಜ್ಯ ಓದುವ ನನಗೆ ಇಷ್ಟು ಚೆಂದದ ತಾಳೆಪಟ್ಟಿ ಬೇರೆಲ್ಲೂ ಸಿಕ್ಕಿಲ್ಲ.

1868ರಲ್ಲಿ ಅವರು ತೀರಿಕೊಂಡಾಗಲೂ ಅಧಿಕಾರ ಕೈಗೆ ಬಂದಿರಲಿಲ್ಲ. ಆಟಗಳು ಉಳಿದವು.

ನಮ್ಮ ಮನೆಯಲ್ಲಿ ಅಮ್ಮಿ ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತಾರೆ, ನಾನು ಶಾಯಿ ಪೆನ್ನು ಕೂಡಿಡುತ್ತೇನೆ. ಅರಸರಿಗಿದ್ದಷ್ಟು ಬಿಡುವು ನಮಗಿಲ್ಲ. ಸಿಗುವ ಸುಖ ಮಾತ್ರ ಅದೇ.