ಬಡ ನೆಲದ ಬಂಧು: ಜಾರ್ಜ್ ವಾಷಿಂಗ್ಟನ್ ಕಾರ್ವರ್

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿಯು ಕೊನೆಗಾಣುತ್ತಿದ್ದ ಕಾಲದಲ್ಲಿ, ಸುಮಾರು 1864ರಲ್ಲಿ, ಮಿಸ್ಸೂರಿ ಪ್ರಾಂತದ ಡೈಮಂಡ್ ಗ್ರಾಮದ ಬಳಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಕೂಸು ಗುಲಾಮಳೊಬ್ಬಳ ಮಡಿಲಲ್ಲಿ ಜನಿಸಿತು. ದರೋಡೆಗಾರರು ತಾಯಿಮಗುಗಳನ್ನು ಅಪಹರಿಸಿದರು. ಮಗುವು ಮರಳಿ ಸಿಕ್ಕಿತು. ತಾಯಿಯು ಸಿಕ್ಕಲೇ ಇಲ್ಲ. ಯಜಮಾನ ದಂಪತಿಗಳೇ ಆತನನ್ನು ಸಾಕಿದರು. ದೇಹವು ದುರ್ಬಲವಾಗಿದ್ದುದರಿಂದ ಬಾಲಕನು ಮನೆಯಲ್ಲಿಯೇ ಉಳಿದು ಅಡಿಗೆ, ಹೊಲಿಗೆ, ಬಟ್ಟೆಯೊಗೆತಗಳನ್ನು ಕಲಿತನು. ಮುಂದೆ ಆ ಒಗೆತವೇ ಆತನ ಶಾಲೆಯ ವೆಚ್ಚಕ್ಕೆ ಆಧಾರವಾಯಿತು.

ಬಣ್ಣದ ಕಾರಣದಿಂದ ಒಂದು ಕಾಲೇಜು ಅವರಿಗೆ ಬಾಗಿಲು ಮುಚ್ಚಿತು. ಆದರೂ ಅವರು ಎದೆಗುಂದದೆ, 1890ರಲ್ಲಿ ಅಯೋವಾ ಪ್ರಾಂತದ ಸಿಂಪ್ಸನ್ ಕಾಲೇಜನ್ನು ಸೇರಿ ಚಿತ್ರಕಲೆಯನ್ನು ಅಭ್ಯಸಿಸಿದರು. ಅಲ್ಲಿನ ಉಪಾಧ್ಯಾಯಿನಿಯಾದ ಎಟ್ಟಾ ಬಡ್ ಎಂಬಾಕೆಯು ಗಿಡಗಳಲ್ಲಿ ಅವರಿಗಿದ್ದ ಪ್ರೀತಿಯನ್ನು ಗುರುತಿಸಿ, ಏಮ್ಸ್ ನಗರದ ಕೃಷಿ ಕಾಲೇಜಿಗೆ ಹೋಗುವಂತೆ ಪ್ರೇರಿಸಿದಳು. ಅಲ್ಲಿ 1894ರಲ್ಲಿಯೂ 1896ರಲ್ಲಿಯೂ ಪದವಿಗಳನ್ನು ಪಡೆದರು. ಒಬ್ಬ ಗುರುವಿನ ಸಕಾಲದ ಮಾತಿನಿಂದ ಎಷ್ಟು ಫಲವುಂಟಾಯಿತೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

1896ರಲ್ಲಿ ಬುಕರ್ ವಾಷಿಂಗ್ಟನ್ನರ ಕರೆಯಂತೆ ಅವರು ಅಲಬಾಮಾ ಪ್ರಾಂತದ ಟಸ್ಕೀಗೀ ವಿದ್ಯಾಸಂಸ್ಥೆಗೆ ಬಂದರು. ಅಲ್ಲಿನ ಹೊಲಗಳು ವರ್ಷವರ್ಷವೂ ಹತ್ತಿಯನ್ನೇ ಬೆಳೆದು ಸತ್ತ್ವವನ್ನು ಕಳೆದುಕೊಂಡಿದ್ದವು. ಗೇಣಿಗೆ ಉಳುತ್ತಿದ್ದ ಬಡ ರೈತರು ಸಾಲದಲ್ಲಿ ಮುಳುಗಿದ್ದರು. ಗೊಬ್ಬರ ಕೊಳ್ಳಲು ಅವರಲ್ಲಿ ಹಣವೆಲ್ಲಿ?

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಪೈರುಗಳು ಅದನ್ನು ನೇರವಾಗಿ ಉಪಯೋಗಿಸಲಾರವು. ಆದರೆ ಅಲಸಂದೆ, ನೆಲಗಡಲೆ ಮೊದಲಾದ ಗಿಡಗಳ ಬೇರಿನೊಳಕ್ಕೆ ಮಣ್ಣಿನ ಸೂಕ್ಷ್ಮಜೀವಿಗಳು ಹೊಕ್ಕು ಗಂಟುಗಳನ್ನು ಕಟ್ಟುತ್ತವೆ. ಗಿಡವು ಅವುಗಳಿಗೆ ಸಕ್ಕರೆಯನ್ನು ಕೊಡುತ್ತದೆ; ಅವು ಗಾಳಿಯ ಸಾರಜನಕವನ್ನು ಗಿಡದ ಆಹಾರವಾಗಿ ಮಾರ್ಪಡಿಸುತ್ತವೆ. ಈ ರಹಸ್ಯವನ್ನು 1886ರಲ್ಲಿ ಪ್ರಕಟಪಡಿಸಿದವರು ಜರ್ಮನಿಯ ಹೆಲ್‌ರೀಗೆಲ್ ಪಂಡಿತರು. ಅದನ್ನು ಬಡವನ ಹೊಲಕ್ಕೆ ಮುಟ್ಟಿಸಿದುದು ಕಾರ್ವರರ ಹಿರಿಮೆ. ಹತ್ತಿಯೊಡನೆ ಸರದಿಯಾಗಿ ಅಲಸಂದೆಯನ್ನೂ ನೆಲಗಡಲೆಯನ್ನೂ ಬಿತ್ತಿರೆಂದು ಅವರು ಬೋಧಿಸಿದರು. ಆದರೂ ಕಾಯಿಯನ್ನೂ ಬಳ್ಳಿಯನ್ನೂ ಹೊಲದಿಂದ ಪೂರ್ತಿಯಾಗಿ ಸಾಗಿಸಿದರೆ ನೆಲಕ್ಕೆ ಉಳಿಯುವುದು ಅಲ್ಪವೇ. ಆದುದರಿಂದ ಕೊಳೆತ ಎಲೆ ಮತ್ತು ಸಗಣಿಗೊಬ್ಬರಗಳನ್ನು ಮಣ್ಣಿಗೆ ಸೇರಿಸುವುದನ್ನೂ ಅವರು ಕಲಿಸಿದರು.

ಶಾಲೆಗೆ ಬರಲಾರದ ರೈತರಿಗಾಗಿ 1906ರಲ್ಲಿ ಉಪಕರಣಗಳನ್ನು ಹೊತ್ತ ಬಂಡಿಯೊಂದು ಹಳ್ಳಿಗಳಿಗೆ ಹೊರಟಿತು. ಬೆಳೆದ ನೆಲಗಡಲೆಯನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ, 1916ರಲ್ಲಿ ಅದನ್ನು ಬೆಳೆಯುವ ಕ್ರಮವನ್ನೂ 105 ಬಗೆಯ ಪಾಕಗಳನ್ನೂ ತಿಳಿಸುವ ಪುಸ್ತಿಕೆಯನ್ನು ಪ್ರಕಟಿಸಿದರು. ನೆಲಗಡಲೆಯ ಬೆಣ್ಣೆಯನ್ನು ಅವರೇ ಕಂಡುಹಿಡಿದರೆಂಬ ಮಾತು ನಿಜವಲ್ಲ. ಅಂತಹ ಹೊಗಳಿಕೆ ಅವರಿಗೆ ಬೇಕಾಗಿಯೂ ಇಲ್ಲ. ಬಾಳಿನ ಕಡೆಯಲ್ಲಿ ತಮ್ಮ ಉಳಿತಾಯವನ್ನು ಸಂಶೋಧನೆಗಾಗಿ ದಾನವಿತ್ತು, 1943ರ ಜನವರಿ 5ರಂದು ಟಸ್ಕೀಗೀಯಲ್ಲಿಯೇ ದೈವಾಧೀನರಾದರು.

ನಮ್ಮ ವಿದ್ಯಾರ್ಥಿನಿಯರು ಹೂಬಿಡುವ ಕಾಲದ ಅಲಸಂದೆಯ ಗಿಡವೊಂದನ್ನು ಮೆಲ್ಲಗೆ ಅಗೆದು ತೆಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಲಿ. ಒಳಗೆ ನಸುಗೆಂಪು ಬಣ್ಣವು ಕಂಡರೆ ಅಲ್ಲಿ ಕೆಲಸವು ಸಾಗುತ್ತಿದೆಯೆಂದು ತಿಳಿಯಬೇಕು. ಕಣ್ಣಿಗೆ ಕಾಣದವರ ಸೇವೆಯಿಂದ ನೆಲವು ಬಾಳುತ್ತದೆ. ತಾವು ಪಡೆದ ವಿದ್ಯೆಯನ್ನು ತಮಗಿಂತ ಬಡವರಾದವರ ಮನೆಬಾಗಿಲಿಗೆ ಒಯ್ಯುವ ಮನಸ್ಸು ನಮ್ಮ ಹುಡುಗಿಯರಿಗೂ ಉಂಟಾಗಲೆಂದು ನಾವು ಹಾರೈಸುತ್ತೇವೆ.